ಮಠದ ದಾಸೋಹದ ಮನೆಯಲ್ಲಿ ಹತ್ತನೇ ಕ್ಲಾಸು

ನಮ್ಮ ಬ್ಯಾಚಿನವರು ಎಲ್ಲಿ ಸೇರಿದರೂ ಮಾತು ಹೊಳೆಯ ಕಡೆಗೇ ಹೋಗುತ್ತದೆ. ಹೊಳೆ ಊರಿಗೆ ನುಗ್ಗಿದ 2009-10ರಲ್ಲಿ ಎಸ್ಸೆಸ್ಸೆಲ್ಸಿ ಓದಿದವರು ನಾವು. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡದ ಅಕ್ಕೋರು ಫೋನ್ ಮಾಡಿದರು. "ಈಗಿನ ಹುಡುಗರಿಗೆ ಧೈರ್ಯ ಬರೂ ಹಂಗ ಬರಿ" ಎಂದರು. ಧೈರ್ಯ ಬರುವ ಹಾಗೆ ಬರೆಯುವುದು ಹೇಗೋ ನನಗೆ ಗೊತ್ತಿಲ್ಲ. ಆ ವರ್ಷ ನಮಗೆ "ಧೈರ್ಯ ತಗೋರಿ" ಎಂದು ಹೇಳಿದವರು ಬೇಕಾದಷ್ಟು ಮಂದಿ. ಜೀಪಿನಲ್ಲಿ ಬಂದು ಹೇಳಿದರು, ಮೈಕ್ ಹಿಡಿದು ಹೇಳಿದರು. ಅವರ ಒಂದು ಮಾತೂ ಈಗ ನೆನಪಿಲ್ಲ. ನೆನಪಿರುವುದು ಬೆಳಿಗ್ಗೆ ಹತ್ತಕ್ಕೆ ತಪ್ಪದೇ ಹೊಡೆಯುತ್ತಿದ್ದ ಗಂಟೆ. ಅದರ ಬಗ್ಗೆ ಬರೆಯಬಲ್ಲೆ.

ನಮ್ಮ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಆಣೆಕಟ್ಟಿಗೆ ಸಿಕ್ಕಿ, ಉಳಿದದ್ದು ನಮ್ಮ ಕಡೆ ಹರಿದು, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಉಳಿದದ್ದು ಎಂದರೆ ಬಹಳ ವರ್ಷ ಏನೂ ಇಲ್ಲ. ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಕ್ರಿಕೆಟ್ ಆಡಿ ಬೆಳೆದವರು ನಾವು. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಊರಿಗೆ ಹೊಳೆ ಏರಿ ಬರುತ್ತದೆ ಎಂದರೆ ಯಾರು ನಂಬುತ್ತಾರೆ? ಅದರಲ್ಲೂ 2009 ದೇಶಕ್ಕೇ ಮುಂಗಾರು ಕೈಕೊಟ್ಟ ವರ್ಷ. ಮಳೆಗಾಗಿ ಕಾಯುತ್ತಿದ್ದವರ ಮೇಲೆ ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಹಿಡಿಯಿತು, ಬಿಡಲೇ ಇಲ್ಲ. ಆ ಕಡೆ ಬೆಣ್ಣೆಹಳ್ಳ ತುಂಬಿ ಬಂತು, ಈ ಕಡೆ ಹೊಳೆ. ವಿಜಯದಶಮಿಗೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದುಕೊಂಡವರು ಅದೇ ವಾರ ಊರು ಬಿಟ್ಟು ದಿಬ್ಬ ಹತ್ತಿದೆವು.

ಬಿಜಾಪುರ, ಬಾಗಲಕೋಟೆ, ರಾಯಚೂರು, ಗದಗ, ಎಲ್ಲ ಕಡೆ ಅದೇ ಕತೆ. ಮಂತ್ರಾಲಯದ ಮಠದೊಳಗೂ ತುಂಗಭದ್ರೆ ನುಗ್ಗಿದ್ದು ಅದೇ ಮಳೆಯಲ್ಲಿ. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ನಮ್ಮೂರಲ್ಲಿ ಜೀವ ಹೋಗಲಿಲ್ಲ, ಮನೆ ಹೋದವು. ಹೊರಗಿನವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಮಣ್ಣಿನ ಮಾಳಿಗೆ ಮನೆ ನೀರಿನಲ್ಲಿ ನಿಂತಾಗ ಬೀಳುವುದಕ್ಕಿಂತ ನೀರು ಇಳಿದ ಮೇಲೆ ಬೀಳುವುದೇ ಜಾಸ್ತಿ. ನೆನೆದ ಗೋಡೆ ಜಂತಿಯ ಭಾರ ತಡೆಯುವುದಿಲ್ಲ. ಬಿಸಿಲು ಬಿತ್ತು, ಇನ್ನೇನು ಮನೆಗೆ ಹೋಗೋಣ ಎನ್ನುವಾಗ ಒಂದೊಂದೇ ಓಣಿಯಿಂದ ದಪ್ ದಪ್ ಎಂದು ಸದ್ದು. ನಮ್ಮ ಓಣಿಯಲ್ಲಿ ನೆಲದಡಿ ಕಾಳು ತುಂಬಿಡುವ ಹಳೇ ಕಾಲದ ಹಗೇವು ಒಂದು ಉಳಿದಿತ್ತು. ಅದರ ಬಾಯಿ ತೆಗೆದಾಗ ಹುಳಿ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಒಳಗಿದ್ದ ಬಿಳಿಜೋಳವೆಲ್ಲ ಉಬ್ಬಿ ಮೊಳಕೆ ಒಡೆದಿತ್ತು. ದನವೂ ಮೂಸಲಿಲ್ಲ.

ಊರ ಹೊರಗಿನ ಮಠದಲ್ಲಿ ಗಂಜಿ ಕೇಂದ್ರ. ಬೇರೆ ಬೇರೆ ಊರುಗಳಿಂದ ಕಟಕ ರೊಟ್ಟಿ ಚೀಲಗಟ್ಟಲೆ ಬಂದವು, ಜೊತೆಗೆ ಶೇಂಗಾ ಹಿಂಡಿ. ಕಂಡು ಗೊತ್ತಿಲ್ಲದ ಊರಿನ ಯಾವ ಅವ್ವಂದಿರು ಬಡಿದು ಕಳಿಸಿದ್ದರೋ! ಹಳೇ ಬಟ್ಟೆಯ ಗುಡ್ಡೆಯೂ ಬಂತು. ಹರಿದ ಪ್ಯಾಂಟು, ಗುಂಡಿ ಇಲ್ಲದ ಕೋಟು. ನಮ್ಮ ಕಡೆಯ ಅಕ್ಟೋಬರ್ ಬಿಸಿಲಿಗೆ ಸ್ವೆಟರು. ಕೊಡುವವರ ಮನಸ್ಸು ಒಳ್ಳೆಯದೇ, ಆದರೆ ಆ ಗುಡ್ಡೆಯಲ್ಲಿ ಕೈಯಾಡಿಸುತ್ತಾ ಅವ್ವ ತಲೆ ಎತ್ತದೇ ಕೂತದ್ದನ್ನು ನೋಡಿದ ಮೇಲೆ, ಇವತ್ತಿಗೂ ನಾನು ಯಾರಿಗೂ ಹಳೇ ಬಟ್ಟೆ ಕೊಡುವುದಿಲ್ಲ.

ಶಾಲೆ ಹೊಳೆಯ ದಂಡೆಗೇ ಇತ್ತಲ್ಲ, ಕಿಟಕಿಯ ಮಟ ನೀರು ಬಂದು ಹೋಗಿತ್ತು. ಒಳಗೆ ಮೊಳಕಾಲುದ್ದ ರಾಡಿ. ಹೆಡ್ ಮಾಸ್ತರು ಅಪ್ಪಣೆಗೆ, ಆದೇಶಕ್ಕೆ ಕಾಯುವ ಪೈಕಿ ಅಲ್ಲ. ಶಾಲೆಯ ಗಂಟೆಯಾಗಿದ್ದ ರೈಲು ಕಂಬಿಯ ತುಂಡನ್ನು ರಾಡಿಯಿಂದ ಎತ್ತಿಸಿ ತಂದು ಮಠದ ಬೇವಿನ ಮರಕ್ಕೆ ಕಟ್ಟಿಸಿದರು. "ನಾಳೆ ಹತ್ತಕ್ಕ ಸಾಲಿ" ಎಂದರು. ರಜೆ ಇನ್ನೂ ಮುಗಿದಿರಲಿಲ್ಲ. ನಮ್ಮ ಹತ್ತಿರ ಪುಸ್ತಕ ಇಲ್ಲ, ಪಾಟಿ ಇಲ್ಲ, ಕೆಲವರಿಗೆ ಮೈಮೇಲಿನದು ಬಿಟ್ಟರೆ ಬಟ್ಟೆ ಇಲ್ಲ. ಆದರೂ ಹತ್ತಕ್ಕೆ ಗಂಟೆ ಆಯಿತು. ದಾಸೋಹದ ಮನೆಯಲ್ಲಿ ಪಂಕ್ತಿ ಕೂತಂತೆ ಸಾಲಾಗಿ ಕೂತೆವು.

ಲೆಕ್ಕದ ಸರ್ ಬಂದವರೇ ಹಾಜರಿ ಹಾಕಿದರು. ಆಮೇಲೆ ಏನೂ ಆಗಿಯೇ ಇಲ್ಲವೇನೋ ಎನ್ನುವ ಹಾಗೆ, "ದಸರಾ ರಜೆದ ಹೋಂವರ್ಕ್ ತಗೀರಿ" ಎಂದರು.

ಎಲ್ಲರೂ ಮುಖ ಮುಖ ನೋಡಿಕೊಂಡೆವು. ಹಿಂದಿನಿಂದ ಒಬ್ಬ, "ಹೊಳ್ಯಾಗ ಹೋತ್ರೀ ಸರ್" ಎಂದ.

"ನಿಂದು ಖರೇನ ಹೋಗಿರಬೇಕು. ಉಳದಾವ್ರದು?"

ಊರು ಬಿಟ್ಟ ಮೇಲೆ ನಾವೆಲ್ಲ ಒಟ್ಟಿಗೆ ನಕ್ಕದ್ದು ಅವತ್ತೇ ಮೊದಲು. ಅಡಿಗೆ ಮಾಡುತ್ತಿದ್ದ ಹೆಂಗಸರು ಬಂದು ಬಾಗಿಲಲ್ಲಿ ಇಣುಕಿದರು, ಈ ಹುಡುಗರಿಗೆ ಏನಾತು ಅಂತ. ಸರ್ ಮಾತ್ರ ನಗಲಿಲ್ಲ. ಕರಿಹಲಗೆ ಇರಲಿಲ್ಲವಾದ್ದರಿಂದ ಇದ್ದಿಲು ತಗೊಂಡು ಮಠದ ಸುಣ್ಣದ ಗೋಡೆಯ ಮೇಲೇ ಲೆಕ್ಕ ಬರೆದರು. ಅಜ್ಜಾರು, ಅಂದರೆ ಮಠದ ಸ್ವಾಮಿಗಳು, ಬಂದು ನೋಡಿ, ಏನೂ ಅನ್ನದೇ ಹೋದರು.

ಆ ದಿನಗಳಲ್ಲಿ ನಾವು ಮಾಡಿದ ದೊಡ್ಡ ಕೆಲಸ ಓದಲ್ಲ, ರಿಜಿಸ್ಟರ್ ಒಣಗಿಸಿದ್ದು. ಆಫೀಸಿನ ಕಪಾಟಿನ ಕೆಳಗಿನ ಖಣದಲ್ಲಿ ದಾಖಲಾತಿ ರಿಜಿಸ್ಟರ್‌ಗಳಿದ್ದವು. ಪ್ರಾಥಮಿಕ ಶಾಲೆಯ ಹಳೆಯವೂ ಅಲ್ಲೇ. ಎಲ್ಲ ನೀರು ಕುಡಿದು ದಪ್ಪಗಾಗಿದ್ದವು. ಊರಿನ ಅರ್ಧ ಜನರ ಹುಟ್ಟಿದ ತಾರೀಖು ಇರುವುದು ಅದರಲ್ಲೇ. "ಬಾಕು, ಕುರ್ಚಿ ಹೋದ್ರ ಹೋಗ್ಲಿ, ಇದೊಂದು ಉಳೀಬೇಕು" ಎಂದು ಹೆಡ್ ಮಾಸ್ತರು ಹತ್ತನೇ ಕ್ಲಾಸಿನವರನ್ನೆಲ್ಲ ಕೂರಿಸಿದರು. ಹಾಳೆ ಹಾಳೆಯನ್ನೂ ಉಗುರು ತಾಗದ ಹಾಗೆ ಬಿಡಿಸಬೇಕು. ನಡುವೆ ಹಳೇ ಪೇಪರು ಇಡಬೇಕು. ಪೇಪರು ಒದ್ದೆಯಾದರೆ ಬದಲಿಸಬೇಕು. ನೇರ ಬಿಸಿಲಿಗೆ ಇಟ್ಟರೆ ಹಾಳೆ ಹಪ್ಪಳದಂತೆ ಸೊಟ್ಟಗಾಗುತ್ತದೆ, ನೆರಳೇ ಆಗಬೇಕು. ಆಮೇಲೆ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಸಣ್ಣ ಬಿಸಿಯಲ್ಲಿ, ಮೇಲೊಂದು ಬಟ್ಟೆ ಹಾಸಿ, ಮೆತ್ತಗೆ ಆಡಿಸಬೇಕು. ಶಾಯಿಯಲ್ಲಿ ಬರೆದ ಕೆಲವು ಸಾಲುಗಳು ಹರಡಿ ನೀಲಿ ಮೋಡ ಆಗಿದ್ದವು. ಆದರೆ ಬಹಳಷ್ಟು ಉಳಿದವು.

ಒಣಗಿಸುವಾಗ ಓದದೇ ಇರಲು ಆಗುತ್ತದೆಯೇ? ಕೊನೆಯ ಅಂಕಣ, ಶಾಲೆ ಬಿಟ್ಟ ಕಾರಣ. ಬೇರೆ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು. 1972ರ ಹಾಳೆಗಳಲ್ಲಿ ಮಾತ್ರ ಉದ್ದಕ್ಕೂ ಒಂದೇ ಕೈಬರಹ: ಬರಗಾಲ, ಪರಸ್ಥಳ. ಬರಗಾಲ, ಪರಸ್ಥಳ. ಅದರ ನಡುವೆ ನಮ್ಮ ಅಪ್ಪನ ಹೆಸರು. ಎರಡನೇ ಇಯತ್ತೆಯಲ್ಲಿ ಬಿಟ್ಟಿದ್ದ. ನಾಲ್ಕಾರು ಹಾಳೆ ದಾಟಿದ ಮೇಲೆ, 1974ರಲ್ಲಿ, ಅದೇ ಹೆಸರು ಹೊಸ ನಂಬರಿನೊಂದಿಗೆ ಮತ್ತೆ ಎರಡನೇ ಇಯತ್ತೆಗೆ ಸೇರಿತ್ತು. ಅಪ್ಪನ ಹಿಂದೆ ಮುಂದೆ ಇದ್ದ ಹೆಸರುಗಳಲ್ಲಿ ಹಲವು ತಿರುಗಿ ಬಂದಿರಲಿಲ್ಲ. ಸಂಜೆ ಕೇಳಿದೆ. "ಹೂಂ, ಬರದಾಗ ನಿಮ್ಮ ಮುತ್ಯಾನ ಜೋಡಿ ರಸ್ತೆಕ ಖಡಿ ಒಡ್ಯಾಕ ಹೋಗಿದ್ವಿ" ಎಂದ ಅಪ್ಪ, ಅಷ್ಟೇ. ಆ ವಿಷಯ ಅವನು ಅದಕ್ಕೂ ಮೊದಲು ಹೇಳಿದ್ದೂ ಇಲ್ಲ, ಆಮೇಲೆ ಹೇಳಿದ್ದೂ ಇಲ್ಲ. ಆದರೆ ಅವತ್ತು ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗಿದಾಗ, ಮನೆ ಬಿದ್ದಿದ್ದರೂ ಈ ಮನುಷ್ಯ ಯಾಕೆ ಅಷ್ಟೊಂದು ಗಾಬರಿಯಾಗಿರಲಿಲ್ಲ ಎನ್ನುವುದು ನನಗೆ ಒಂದಿಷ್ಟು ಗೊತ್ತಾಯಿತು.

ಅಪ್ಪನ ತಲೆಯಲ್ಲಿ ಇದ್ದದ್ದು ಬಿತ್ತನೆ. ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲ ಕೊಳೆತು ಹೋಗಿದ್ದವು. ಆದರೆ ನಮ್ಮದು ಎರೆ ಭೂಮಿ. ಒಮ್ಮೆ ಹೊಟ್ಟೆ ತುಂಬ ನೀರು ಕುಡಿದರೆ ಮುಂದೆ ಮಳೆ ಬರದಿದ್ದರೂ ಹಿಂಗಾರಿ ಬೆಳೆ ಎಬ್ಬಿಸುತ್ತದೆ. ನೆಲ ಕಾಲಿಡುವಷ್ಟು ಆರಿದ ಕೂಡಲೇ ಸಾಲ ಮಾಡಿ ಅಣ್ಣಿಗೇರಿ ಕಡಲೆ ಬೀಜ ತಂದರು. ಕೂರಿಗೆ ಮನೆಯ ಮಣ್ಣಿನಡಿ ಸಿಕ್ಕಿತ್ತು, ಅದನ್ನು ಅಗೆದು ತೆಗೆದೆವು. ಕಡಲೆ ಗೇಣುದ್ದ ಆದಾಗ ಕುಡಿ ಚಿವುಟುತ್ತಾರೆ, ಟಿಸಿಲು ಜಾಸ್ತಿ ಒಡೆಯಲಿ ಎಂದು. ಇದನ್ನೇ ಬದುಕಿಗೆ ಹೋಲಿಸಿ ಆ ವರ್ಷ ಒಬ್ಬರು ಉದ್ದದ ಭಾಷಣ ಮಾಡಿದರು. ನಮಗೆ ಮಾತ್ರ ಅದು ಕಡ್ಲಿ ಪಲ್ಯೆ, ರೊಟ್ಟಿಗೆ ಬಹಳ ಚಲೋ. ಬೆಳಿಗ್ಗೆ ಕುಡಿ ಚಿವುಟಿ ಉಡಿಯಲ್ಲಿ ತುಂಬಿಕೊಂಡು ಬಂದು, ಹತ್ತರ ಗಂಟೆಗೆ ಮಠದಲ್ಲಿ ಕೂಡುತ್ತಿದ್ದೆವು. ಕೈಗೆಲ್ಲ ಕಡಲೆಯ ಹುಳಿ ಅಂಟಿರುತ್ತಿತ್ತು.

ಎಲ್ಲರೂ ಹಾಗೆ ಉಳಿಯಲಿಲ್ಲ, ಅದನ್ನೂ ಹೇಳಬೇಕು. ಹೊಲ ಇಲ್ಲದವರಿಗೆ ಹಿಂಗಾರಿ ಎಲ್ಲಿಯದು? ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ದೀಪಾವಳಿ ಆದಮೇಲೆ ಅಪ್ಪ ಅವ್ವನ ಜೊತೆ ಗೋವಾಕ್ಕೆ ದುಡಿಯಲು ಹೋದ. ಹಾಜರಿಯಲ್ಲಿ ದಿನಾ ಅವನ ಹೆಸರು ಕೂಗುವುದು, ಯಾರೂ ಉತ್ತರ ಕೊಡದೇ ಇರುವುದು. "ಹೆಸರು ಹೊಡದ ಹಾಕ್ರಿ ಸರ್" ಎಂದು ಗುಮಾಸ್ತರು ಹೇಳಿದರೆ ಹೆಡ್ ಮಾಸ್ತರು, "ಬರ್ತಾನ ತಗೋರಿ, ಯಾಕ್ ಅವಸರ" ಎನ್ನುತ್ತಿದ್ದರು. ಅವನ ಪರೀಕ್ಷೆ ಅರ್ಜಿಯನ್ನು ಅವರೇ ತುಂಬಿದರು, ಫೀಸನ್ನೂ ಅವರೇ ಕಟ್ಟಿರಬೇಕು. ಪರೀಕ್ಷೆಗೆ ಸ್ವಲ್ಪ ಮೊದಲು ಅವನು ಬಂದ, ಕೈಯೆಲ್ಲ ಸಿಮೆಂಟು ತಿಂದು ಬಿರುಕು. ಗಣಿತದಲ್ಲಿ ಫೇಲಾದ. ಜೂನ್ ಪರೀಕ್ಷೆ ಕಟ್ಟಿ ಪಾಸಾದ.

ಇನ್ನೊಬ್ಬಳು ಬರಲೇ ಇಲ್ಲ. ಚಳಿಗಾಲದಲ್ಲೇ ಅವಳ ಮದುವೆ ಮಾಡಿಬಿಟ್ಟರು, ಮನೆ ಬಿದ್ದಿದೆ, ಬೆಳೆದ ಹುಡುಗಿಯನ್ನು ಶೆಡ್ಡಿನಲ್ಲಿ ಹೇಗೆ ಇಟ್ಟುಕೊಳ್ಳುವುದು ಎಂದು. ಅಕ್ಕೋರು, ಹೆಡ್ ಮಾಸ್ತರು ಹೋಗಿ ಕೂತು ಹೇಳಿದರು. ಚಹಾ ಕೊಟ್ಟರಂತೆ, ಮಾತು ಕೇಳಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ಅವಳೇ. ನೆರೆಯಲ್ಲಿ ನಮ್ಮ ಊರು ಕಳೆದುಕೊಂಡದ್ದರ ಲೆಕ್ಕ ಬರೆದವರು ಗೋಡೆ ಎಣಿಸಿದರು, ದನ ಎಣಿಸಿದರು, ಇದನ್ನು ಯಾರೂ ಬರೆದುಕೊಳ್ಳಲಿಲ್ಲ. ಅವಳ ಮಗಳು ಈಗ ನಮ್ಮ ಶಾಲೆಯಲ್ಲೇ ಓದುತ್ತಾಳೆ ಎಂದು ಕೇಳಿದೆ.

ಮುಂದೆ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆಂದು ಸರ್ಕಾರ ತಂದ ಆಸರೆ ಯೋಜನೆಯಲ್ಲಿ ದಿಬ್ಬದ ಮೇಲೆ ಮನೆಗಳಾದವು. ದನ ಕಟ್ಟಲು ಜಾಗ ಇಲ್ಲ, ಹೊಲ ದೂರ, ಹಂಚಿಕೆಯ ಜಗಳ. ಬಹಳ ಜನ ಹಳೇ ಊರಲ್ಲೇ ಮತ್ತೆ ಗೋಡೆ ಎಬ್ಬಿಸಿದರು. ತಪ್ಪು ಅನ್ನಲಾರೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ಮಲಪ್ರಭೆ ಮತ್ತೆ ಬಂತು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ಬಂದ ವರ್ಷ ಅದು. ಈ ಸಲ ಜನ ಚೀಲ ಕಟ್ಟಿಕೊಂಡು ದಿಬ್ಬ ಹತ್ತುವುದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ.

ನಾನಾಗ ಧಾರವಾಡದಲ್ಲಿದ್ದೆ. ಬ್ಯಾಚಿನವರೆಲ್ಲ ದುಡ್ಡು ಕೂಡಿಸಿ ಒಂದು ಟೆಂಪೊ ಮಾಡಿಕೊಂಡು ಹೊರಟೆವು. ಗೋವಾದಿಂದ ಗೆಳೆಯನೂ ಬಂದ. ಏನು ಒಯ್ಯಬೇಕು ಎಂಬ ಚರ್ಚೆಯೇ ಆಗಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಳೇ ಬಟ್ಟೆ ಬೇಡ. ಹೊಸ ಒಳಉಡುಪು, ಹೆಣ್ಣುಮಕ್ಕಳಿಗೆ ಪ್ಯಾಡು, ಚಾದರ, ಬಕೆಟ್ಟು, ನೋಟುಬುಕ್ಕು, ಪೆನ್ನು. ಮಠದ ಅಂಗಳದಲ್ಲಿ ಹಂಚುತ್ತಿದ್ದಾಗ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನೋಟುಬುಕ್ಕಿನ ಗಂಟನ್ನೆಲ್ಲ ತಿರುವಿ ನೋಡಿ, "ಕಂಪಾಸ್ ಬಾಕ್ಸ್ ತಂದಿಲ್ರೀ?" ಎಂದಳು. ತಂದಿರಲಿಲ್ಲ. "ಮತ್ತ ಜ್ಯಾಮಿತಿ ಹೆಂಗ್ ಮಾಡೂದ್ರಿ? ಸರ್ ನಾಳೆ ಕೇಳ್ತಾರ" ಎಂದು ನಮ್ಮನ್ನೇ ಜೋರು ಮಾಡಿದಳು. ಗೋವಾದ ಗೆಳೆಯ ಬೈಕ್ ಹತ್ತಿ ರೋಣಕ್ಕೆ ಹೋದ.