ಫ್ಲೋರೈಡಿಗೆ ದುಡ್ಡು ಕೊಟ್ಟ ದಿನ

“ಕೆಳಗಿನ ಎರಡು ಹಲ್ಲಿನ ಬುಡ ಮೆತ್ತಗಾಗಿದೆ ಮೇಡಂ. ಹುಳುಕು ಈಗಿನ್ನೂ ಶುರು. ಕೊರೆಯೋದು ಬೇಡ, ಫ್ಲೋರೈಡ್ ವಾರ್ನಿಶ್ ಅಂತ ಹಲ್ಲು ಗಟ್ಟಿ ಮಾಡೋ ಲೇಪ ಹಚ್ತೀನಿ” ಅಂದರು ಡಾಕ್ಟರು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ಬಾಯಲ್ಲಿ ಎಂಜಲು ಎಳೆಯುವ ಪೈಪು ಇತ್ತು, ಮಾತಾಡೋ ಹಾಗಿರಲಿಲ್ಲ. ಕೈ ಆಡಿಸಿ ಬೇಡ ಅಂದೆ.

ನಾನು ಪಾವಗಡ ತಾಲ್ಲೂಕಿನವಳು. ನಮ್ಮ ಕಡೆ ಫ್ಲೋರೈಡ್ ಅಂದರೆ ಔಷಧಿಯಲ್ಲ, ಬೋರ್‌ವೆಲ್ಲಿನ ಕಾಯಿಲೆ. ಶಾಲೆ ಹತ್ತಿರದ ಕೈಪಂಪಿಗೆ ಯಾರೋ ಬಂದು ಕೆಂಪು ಬಣ್ಣ ಬಳಿದು ಹೋಗಿದ್ದರು, ಕುಡಿಯಬೇಡಿ ಅಂತ. ಬೇರೆ ಪಂಪು ಇದ್ದರೆ ತಾನೆ? ಅದೇ ನೀರು ಕುಡಿದೆವು. ಅಪ್ಪನಿಗೆ ಐವತ್ತು ದಾಟುವಷ್ಟರಲ್ಲಿ ಬೆನ್ನು, ಕತ್ತು ಬಿಗಿದುಕೊಂಡವು. ಹಿಂದಿನಿಂದ ಕರೆದರೆ ಕತ್ತು ತಿರುಗುತ್ತಿರಲಿಲ್ಲ, ಇಡೀ ಮೈಯನ್ನೇ ಗಾಡಿ ತಿರುಗಿಸಿದ ಹಾಗೆ ತಿರುಗಿಸಿ ನೋಡುತ್ತಿದ್ದರು.

ನನಗೆ ಬಂದದ್ದು ಹಲ್ಲಿಗೆ. ಡಿಕಾಕ್ಷನ್ ಚೆಲ್ಲಿ ಒಣಗಿದ ಹಾಗೆ ಅಡ್ಡಡ್ಡ ಕಂದು ಗೆರೆ, ನಡುವೆ ಸುಣ್ಣದ ಚುಕ್ಕೆ. ತೆಲುಗು ಬೆರೆತ ಊರು ನಮ್ಮದು, ‘ಗಾರ ಪಳ್ಳು’ ಅನ್ನುತ್ತಿದ್ದರು. ಊರಲ್ಲಿದ್ದಷ್ಟು ದಿನ ಅದು ಕಣ್ಣಿಗೇ ಬಿದ್ದಿರಲಿಲ್ಲ, ಎಲ್ಲರ ಬಾಯೂ ಹಾಗೇ. ತುಮಕೂರಿನ ಹಾಸ್ಟೆಲ್ ಸೇರಿದ ವಾರವೇ ರೂಮಿನ ಹುಡುಗಿ, “ನೀನು ಹಲ್ಲುಜ್ಜಲ್ವೇನೇ?” ಅಂದಳು. ಅಲ್ಲಿಂದ ಶುರುವಾಯ್ತು ನನ್ನ ಉಜ್ಜಾಟ. ಇದ್ದಿಲು, ಉಪ್ಪು, ನಿಂಬೆಹಣ್ಣಿನ ಸಿಪ್ಪೆ, ಸಿಕ್ಕಿದ್ದರಲ್ಲಿ ಗಟ್ಟಿಯಾದ ಬ್ರಶ್ಶು. ವಸಡಲ್ಲಿ ರಕ್ತ ಬಂತೇ ಹೊರತು ಗೆರೆ ಜಗ್ಗಲಿಲ್ಲ. ಮದುವೆ ಆಲ್ಬಮ್ಮಿನಲ್ಲಿ ನಾನು ತುಟಿ ತೆರೆದಿರುವ ಫೋಟೊ ಒಂದೂ ಇಲ್ಲ.

ಪೈಪು ತೆಗೆದ ಮೇಲೆ ಇದನ್ನೆಲ್ಲ ಹೇಳಿದೆ. ಡಾಕ್ಟರ್ ಹುಡುಗಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೈಗನ್ನಡಿ ಕೊಟ್ಟು ತೋರಿಸಿದರು. ಉಜ್ಜಿ ಉಜ್ಜಿ ವಸಡು ಕೆಳಗೆ ಸರಿದು, ಹಲ್ಲಿನ ಬೇರು ಹಳದಿಯಾಗಿ ಹೊರಗೆ ಕಾಣುತ್ತಿತ್ತು. ಬೇರಿನ ಮೇಲೆ ಎನಾಮಲ್ ಅನ್ನೋ ಗಟ್ಟಿ ಹೊದಿಕೆ ಇರೋದಿಲ್ಲವಂತೆ, ಬಾಯಲ್ಲಿ ಹುಟ್ಟುವ ಹುಳಿ ಬೇಗ ತಿನ್ನುತ್ತದಂತೆ. ಜೊತೆಗೆ ನಾನು ದಿನಾ ನುಂಗುವ ಅಲರ್ಜಿ ಮಾತ್ರೆಗೆ ಬಾಯಿ ಒಣಗುತ್ತದೆ. ಒಣಗುತ್ತದೆ ಅಂತ ಆಫೀಸಿನಲ್ಲಿ ಇಡೀ ದಿನ ಪೆಪ್ಪರ್‌ಮಿಂಟ್ ಚೀಪುತ್ತೇನೆ. ಎಂಜಲೂ ಇಲ್ಲ, ಮೇಲೆ ಸಕ್ಕರೆ. ಇನ್ನೇನಾಗಬೇಕು!

“ಆ ಗೆರೆ ನಿಮಗೆ ಬಂದಿದ್ದು ಎಂಟು ವರ್ಷದೊಳಗೆ ಮೇಡಂ. ದವಡೆ ಒಳಗೆ ಹಲ್ಲು ತಯಾರಾಗೋವಾಗ ಕುಡಿದ ನೀರಿಂದ. ಈಗ ಹೊರಗಿಂದ ಹಚ್ಚಿದ್ರೆ ಹೊಸ ಕಲೆ ಬರಲ್ಲ” ಅಂದರು.

ನಾನು ಬಿಡಲಿಲ್ಲ. ಟ್ರೇಯಲ್ಲಿದ್ದ ಪೊಟ್ಟಣ ಓದಿದೆ: 5% ಸೋಡಿಯಂ ಫ್ಲೋರೈಡ್. ಹತ್ತು ಲಕ್ಷ ಭಾಗಕ್ಕೆ 22,600 ಭಾಗ ಫ್ಲೋರೈಡ್ ಆಯಿತು! ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ಡಾಕ್ಟರು ನಕ್ಕು, ಚೀಟಿಯ ಹಿಂದೆ ಲೆಕ್ಕ ಹಾಕಿದರು. ಹಚ್ಚುವುದು ಅರ್ಧ ಮಿಲಿಲೀಟರಿಗೂ ಕಡಿಮೆ, ಅದರಲ್ಲಿ ಒಟ್ಟು ಒಂಬತ್ತು ಮಿಲಿಗ್ರಾಂ. ಅದೂ ಮೂರ್ನಾಲ್ಕು ತಿಂಗಳಿಗೊಮ್ಮೆ. “ನಿಮ್ಮೂರ ನೀರಲ್ಲಿ ಲೀಟರಿಗೆ ಮೂರು ಮಿಲಿಗ್ರಾಂ ಇತ್ತು ಅಂತಿಟ್ಕೊಳ್ಳಿ. ಹೊಲದಲ್ಲಿ ದುಡಿಯೋರು ಮೂರು ಲೀಟರ್ ಕುಡಿದ್ರೆ ಇಷ್ಟೇ ಆಯ್ತು. ಆದ್ರೆ ದಿನಾ, ವರ್ಷಗಟ್ಟಲೆ.” ಅಪ್ಪನ ಕತ್ತು ನೆನಪಾಯಿತು. ಬಾಯಿ ತೆರೆದೆ.

ಕೆಲಸ ಐದು ನಿಮಿಷದ್ದೂ ಅಲ್ಲ. ಹತ್ತಿ ಇಟ್ಟು ಒರೆಸಿ, ಉಗುರುಬಣ್ಣದ್ದಕ್ಕಿಂತ ಚಿಕ್ಕ ಬ್ರಶ್ಶಿನಲ್ಲಿ ಬುಡಬುಡಕ್ಕೆ ಬಳಿದರು. ಜೇನಿನ ಬಣ್ಣ, ರಾಳದ ಅಂಟು. ಎಂಜಲು ತಾಗಿದ್ದೇ ತಡ ಗಟ್ಟಿಯಾಯಿತು. ಸಂಜೆವರೆಗೂ ಬಿಸಿ ಬೇಡ, ಗಟ್ಟಿ ಪದಾರ್ಥ ಬೇಡ, ರಾತ್ರಿ ಬ್ರಶ್ ಬೇಡ, ನಾಳೆಯಿಂದ ಮೆತ್ತನೆ ಬ್ರಶ್ಶು. ಪೆಪ್ಪರ್‌ಮಿಂಟ್ ಮಾತ್ರ ಖಾಯಂ ಬಂದ್. ಒಂಬೈನೂರು ರೂಪಾಯಿ ಕೊಟ್ಟು ಬಂದೆ.

ಮಧ್ಯಾಹ್ನ ತಣ್ಣಗಿನ ಮೊಸರನ್ನ. ನಾಲಿಗೆ ಸುಮ್ಮನಿರದೆ ಹಲ್ಲು ಸವರುತ್ತಿತ್ತು, ಹಲ್ಲಿಗೆಲ್ಲ ಅಂಟು ಮೆತ್ತಿ ಒಣಗಿದ ಹಾಗೆ ತರಿತರಿ. ನಮ್ಮವರು ಎದುರಿಗೇ ಕೂತು ಹಬೆಯಾಡುವ ಕಾಫಿ ಸೊರ್ರೆಂದು ಹೀರಿದರು. ಬೇಕಂತಲೇ.

ರಾತ್ರಿ ಊರಿಂದ ತಮ್ಮ ಫೋನ್ ಮಾಡಿದ. ಅವನ ಹಲ್ಲೂ ನನ್ನದೇ ಥರ, ಈಗ ಶುದ್ಧ ನೀರಿನ ಘಟಕದಿಂದ ಕಾಸು ಕೊಟ್ಟು ಕ್ಯಾನ್ ತುಂಬಿಸಿಕೊಂಡು ಬರುತ್ತಾನೆ. ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

“ಅಲ್ಲ ಕಣಕ್ಕಾ, ಒಂಬೈನೂರು ಕೊಟ್ಟು ಫ್ಲೋರೈಡ್ ಹಾಕಿಸ್ಕೊಂಡ್ಯಾ? ಒಂದು ಮಾತು ಹೇಳಿದ್ರೆ ಹಳೇ ಪಂಪಿನ ನೀರು ಎರಡು ಕ್ಯಾನ್ ಬಸ್ಸಿಗೆ ಹಾಕಿ ಕಳಿಸ್ತಿದ್ನಲ್ಲ!”