ದಿಂಬಂ ಘಟ್ಟಕ್ಕೆ ಮೊದಲು ತೂಕದ ಚೀಟಿ

ಕೊಯಮತ್ತೂರಿನಲ್ಲಿ ಕಳೆದ ದಿನಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಘಟ್ಟದ ಮೇಲಿನ ತಾಳವಾಡಿಯಲ್ಲಿ ಅರಿಶಿನ, ಎಲೆಕೋಸು ಬೆಳೆಯುವ ನನ್ನ ಭಾವಮೈದುನ ಕೊಯಮತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಕ್ಯಾರವಾನ್ ಕಟ್ಟಿಸಿದ್ದ. ಮಂಚ, ಅಡುಗೆಕಟ್ಟೆ, ನೀರಿನ ತೊಟ್ಟಿ ಎಲ್ಲವೂ ಇರುವ, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆ ಅದು. ಅದನ್ನು ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲದ ದಾರಿಯಾಗಿ ತಂದು ದಿಂಬಂ ಘಟ್ಟ ಹತ್ತಿಸಬೇಕಿತ್ತು.

ಪುಳಿಯಂಪಟ್ಟಿ ದಾಟಿದ ಮೇಲೆ ಬಸ್ಸೊಂದು ನಮ್ಮನ್ನು ಹಿಂದಿಕ್ಕಿತು. ಆ ಗಾಳಿಗೆ ಕ್ಯಾರವಾನ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿತು. ಮರುಗಳಿಗೆಯಲ್ಲಿ ಕಾರಿನ ಹಿಂಭಾಗವೂ ಅದರ ಜೊತೆ ಸರಿಯತೊಡಗಿತು. ಭಾವಮೈದುನ ಆಕ್ಸಲರೇಟರಿನಿಂದ ಕಾಲು ತೆಗೆದು, ಬ್ರೇಕ್ ಮುಟ್ಟದೆ, ಸ್ಟಿಯರಿಂಗ್ ನೇರ ಹಿಡಿದು ಕಾದ. ವೇಗ ಇಳಿದಂತೆ ಓಲಾಟವೂ ನಿಂತಿತು. ಹಾಗೆ ತೂಗುವಾಗ ಗಾಬರಿಯಿಂದ ಬ್ರೇಕ್ ಒತ್ತಿದರೆ ಹಿಂದಿನ ಭಾರ ಮುಂದಿನದನ್ನು ತಳ್ಳಿ ಅಡ್ಡಕ್ಕೆ ತಿರುಗಿಸುತ್ತದೆ.

ಬಣ್ಣಾರಿ ತಲುಪುವಾಗ ಕತ್ತಲಾಗಿತ್ತು. 2022ರ ಫೆಬ್ರವರಿಯಿಂದ ಈ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದು ಇರಲೇಬೇಕು ಎನ್ನುವವನು ನಾನು. ಅಮ್ಮನವರ ಗುಡಿಯ ಬಳಿ ಚಹಾ ಕುಡಿಯುತ್ತಿದ್ದಾಗ ವಯಸ್ಸಾದ ಒಬ್ಬರು ಬಂದು ಕ್ಯಾರವಾನ್ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದರು. ಕೊಕ್ಕೆಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತರು. ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ನಮ್ಮ ಮಾತು ಕೇಳಿ ಕನ್ನಡದಲ್ಲೇ, "ಹಿಂದಿನದು ಎಷ್ಟು ತೂಕ? ಮುಂದಿನದು ಎಷ್ಟು?" ಎಂದರು.

ಅವರು ಗಾಜನೂರಿನ ಕಡೆಯವರು, ಡಾ. ರಾಜ್‌ಕುಮಾರ್ ಹುಟ್ಟಿದ ಊರಿನ ನೆರೆಯವರು. ತಾಳವಾಡಿಯ ಕಬ್ಬನ್ನು ಲಾರಿಯಲ್ಲಿ ತುಂಬಿ ಇದೇ ಘಟ್ಟ ಇಳಿಸುತ್ತಾ ಆಯುಷ್ಯ ಕಳೆದವರು. ಕಾರು 1,250 ಕಿಲೋ, ಕ್ಯಾರವಾನ್ 1,200 ಕಿಲೋ ಎಂದು ವರ್ಕ್‌ಶಾಪಿನವರು ಬರೆದುಕೊಟ್ಟಿದ್ದ ಕಾಗದ ತೋರಿಸಿದೆವು. ಅವರು ಅದನ್ನು ಮಡಿಸಿ ವಾಪಸು ಕೊಟ್ಟರು. "ಇದು ಬರೆದ ತೂಕ. ತೂಗಿದ ಚೀಟಿ ಎಲ್ಲಿ?"

ಬೆಳಿಗ್ಗೆ ಘಟ್ಟ ಹತ್ತುವ ಬದಲು ಆ ಹಿರಿಯರ ಜೊತೆ ಸತ್ಯಮಂಗಲಕ್ಕೆ ಹಿಂದಿರುಗಿ, ಕ್ಯಾರವಾನನ್ನು ಮಾತ್ರ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆವು. 1,780 ಕಿಲೋ! ತೊಟ್ಟಿಯ 150 ಲೀಟರ್ ನೀರೆಂದರೆ 150 ಕಿಲೋ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ ಸೇರಿಸಿದರೂ ಲೆಕ್ಕ ಕೂಡುವುದಿಲ್ಲ. ಕಬ್ಬಿಣ, ಪ್ಲೈವುಡ್ ಎಲ್ಲ ಜೋಡಿಸಿದ ಮೇಲೆ ಆ ವರ್ಕ್‌ಶಾಪಿನವರು ಒಮ್ಮೆಯೂ ತೂಗಿರಲಿಲ್ಲ. ಒಂದು ಸಂಸಾರವನ್ನೇ ಘಟ್ಟಕ್ಕೆ ಕಳುಹಿಸುವ ಕಾಗದದ ಮೇಲೆ ಅಂದಾಜು ಬರೆದವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಕ್ಯಾರವಾನ್ ಕೊಳ್ಳುವವರು ಸಾಮಾನು, ನೀರು ತುಂಬಿಸಿ, ಎದುರಿಗೇ ತೂಗಿಸಿಕೊಂಡು ಹಣ ಕೊಡಿ.

ಆಮೇಲೆ ವೇಬ್ರಿಡ್ಜ್ ಪಕ್ಕದ ಬೇವಿನ ನೆರಳಿನಲ್ಲಿ ಮಾತು ಬೆಳೆಯಿತು. ಎಂಜಿನ್ ಶಕ್ತಿಯ ವಿಷಯ ಹಿರಿಯರು ಕಡೆಗೆ ಎತ್ತಿದರು. "ಎಳೆಯುವುದನ್ನು ಯಾವ ಗಾಡಿಯೂ ಎಳೆದೀತು. ಇಳಿಜಾರಿನಲ್ಲಿ ಹಿಂದಿನದು ಮುಂದಿನದನ್ನು ತಳ್ಳಬಾರದು. ಅದಕ್ಕೇ ಮುಂದಿನದು ಭಾರ ಇರಬೇಕು." ಬ್ರಿಟನ್ನಿನಲ್ಲಿ ಕ್ಯಾರವಾನ್ ಕಟ್ಟಿಕೊಂಡು ತಿರುಗುವವರು ಹೊಸಬರಿಗೆ ಇದನ್ನೇ ಅಂಕಿಯಲ್ಲಿ ಹೇಳುತ್ತಾರೆ: ತುಂಬಿದ ಕ್ಯಾರವಾನಿನ ತೂಕ, ಎಳೆಯುವ ವಾಹನದ ಖಾಲಿ ತೂಕದ ಶೇ. 85ನ್ನು ಮೀರಬಾರದು. ನಮ್ಮ 1,780 ಕಿಲೋಗೆ ಸುಮಾರು 2,100 ಕಿಲೋದ ಗಾಡಿ ಬೇಕು. ಜೊತೆಗೆ ವಾಹನದ ಕೈಪಿಡಿಯಲ್ಲಿ ತಯಾರಕರು ಕೊಟ್ಟ ಎಳೆಯುವ ಮಿತಿಯನ್ನೂ ಮೀರಬಾರದು.

ಕೊಕ್ಕೆಯ ಮೇಲೆ ಬೀಳುವ ಭಾರವನ್ನು ಅವರು ಎತ್ತಿನ ಗಾಡಿಯಿಂದ ವಿವರಿಸಿದರು. ಹಿಂದೆ ಭಾರ ಹೆಚ್ಚಾದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಉದ್ದ ಮರ, ಮೇಲೇಳುತ್ತದೆ, ನೊಗ ಎತ್ತಿನ ಹೆಗಲಿಗೆ ಕೂರುವುದಿಲ್ಲ. ಮುಂದೆ ಹೆಚ್ಚಾದರೆ ಎತ್ತಿನ ಕೊರಳು ಕುಸಿಯುತ್ತದೆ. ಕ್ಯಾರವಾನಿಗೆ ಈ ಭಾರ ಒಟ್ಟು ತೂಕದ ಶೇ. 5ರಿಂದ 7 ಇರಬೇಕು, ನಮ್ಮದಕ್ಕೆ 90ರಿಂದ 125 ಕಿಲೋ. ನಮ್ಮದರಲ್ಲಿ ನೀರಿನ ತೊಟ್ಟಿ, ಬ್ಯಾಟರಿ ಎರಡೂ ಕಟ್ಟಕಡೆಗೆ ಇದ್ದವು. ಪುಳಿಯಂಪಟ್ಟಿಯ ಓಲಾಟಕ್ಕೆ ಅದೇ ಕಾರಣ. ಬ್ಯಾಟರಿಯನ್ನು ಅಚ್ಚಿನ ಮುಂದಕ್ಕೆ ತಂದು, ತೊಟ್ಟಿ ಖಾಲಿ ಮಾಡಿಸಿದರು.

ಗೋಬಿಚೆಟ್ಟಿಪಾಳ್ಯದಲ್ಲಿ ಅವರ ಪರಿಚಯದವರೊಬ್ಬರಿದ್ದರು. ಆಡಿ ತಿಂಗಳ ಅಂದಿಯೂರು ಜಾತ್ರೆಗೆ ಟ್ರೇಲರಿನಲ್ಲಿ ಕುದುರೆ ಒಯ್ಯುವವರು. ಅವರದು 2.8 ಲೀಟರ್ ಡೀಸೆಲ್, ಆಟೊಮ್ಯಾಟಿಕ್ ಫಾರ್ಚೂನರ್. ಖಾಲಿ ತೂಕವೇ 2,100 ಕಿಲೋ ಮೀರುತ್ತದೆ, ಕೊಕ್ಕೆಯನ್ನು ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಎತ್ತರಕ್ಕೆ, ದೊಡ್ಡ ಚಕ್ರಕ್ಕೆ ಮರುಳಾಗಿ ಹಗುರ ಪೆಟ್ರೋಲ್ ಎಸ್‌ಯುವಿಗೆ ಕೊಕ್ಕೆ ಹಾಕಿಸುವ ಈಗಿನ ಷೋಕಿ ನನಗೆ ಹಿಡಿಸುವುದಿಲ್ಲ. ಈ ಫಾರ್ಚೂನರಿನ 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಎಂಜಿನ್ನಿನ ಕಡಿಮೆ ಸುತ್ತಿನಲ್ಲೇ ಸಿಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ನಿಂತು ಹೊರಡುವಾಗ ಬೇಕಾಗುವುದು ಅದು. ಪೆಡಲ್ ಒತ್ತಿ ಸುಡಲು ಕ್ಲಚ್ ಕೂಡ ಇಲ್ಲ.

27 ತಿರುವುಗಳ ಘಟ್ಟವನ್ನು ಕುದುರೆಯವರು ಹತ್ತಿಸಿದರು. ಹಿರಿಯರು ಪಕ್ಕದಲ್ಲಿ ಕುಳಿತು ಪ್ರತಿ ತಿರುವಿಗೂ ಮೊದಲೇ "ಹೊರಗೆ ತೆಗೆಯಿರಿ, ಇನ್ನೂ ಹೊರಗೆ" ಎನ್ನುತ್ತಿದ್ದರು. ಕ್ಯಾರವಾನಿನ ಚಕ್ರ ಯಾವಾಗಲೂ ಕಾರಿನ ಚಕ್ರಕ್ಕಿಂತ ಒಳಗೆ ಕತ್ತರಿಸಿ ಹೋಗುತ್ತದೆ. ಒಳಗಿನ ಮೋರಿಗೆ ಅದು ಬೀಳದಿರಬೇಕಾದರೆ ಕಾರು ರಸ್ತೆಯ ಅಗಲವನ್ನೆಲ್ಲ ಬಳಸಬೇಕು. ಮೇಲಿನಿಂದ ಲಾರಿ ಬಂದಾಗಲೆಲ್ಲ ತಿರುವಿನ ಕೆಳಗೇ ನಿಂತು ಅದಕ್ಕೆ ದಾರಿ ಬಿಟ್ಟೆವು. ದಿಂಬಂನಲ್ಲಿ ಇಳಿದು ಕೊಕ್ಕೆ, ಸುರಕ್ಷಾ ಸರಪಳಿ ನೋಡಿ, ಚಕ್ರದ ನಡುವಿನ ಗುಂಬ ಮುಟ್ಟಿ ಬಿಸಿ ಪರೀಕ್ಷಿಸಿ, ಹಾಸನೂರಿನ ಮೂಲಕ ತಾಳವಾಡಿ ಸೇರಿದೆವು.

ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರು, ಬ್ರೇಕಿನ ಮೇಲೆ ಕಾಲಿಟ್ಟೇ ಇರಬಾರದು ಎಂದು ಹಿರಿಯರು ಹೊರಡುವ ಮೊದಲು ಎರಡು ಸಲ ಹೇಳಿದರು. ಕೊಟ್ಟ ಹಣ ಮುಟ್ಟಲಿಲ್ಲ, ಒಂದು ಚೀಲ ಅರಿಶಿನ ತೆಗೆದುಕೊಂಡರು. ಭಾವಮೈದುನ ಈಗ ಹಳೆಯ ಡೀಸೆಲ್ ಗಾಡಿ ಹುಡುಕುತ್ತಿದ್ದಾನೆ. ಮಾರುವವರನ್ನು ಕೇಳುವ ಮೊದಲ ಪ್ರಶ್ನೆ ಖಾಲಿ ತೂಕದ್ದು, ಬೆಲೆ ಆಮೇಲೆ.