ಬೀಟೆ ಎಲ್ಲರಿಗೂ ಬೇಕು, ಬೀಟೆ ಸಸಿ ಯಾರಿಗೂ ಬೇಡ

ಬೀಟೆ (ರೋಸ್‌ವುಡ್) ಮಂಚ ಅಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಆದರೆ ಕೊಡಗಿನಲ್ಲೋ ಮೂಡಿಗೆರೆ ಕಡೆಯೋ ಕಾಫಿ ಬೆಳೆಗಾರರಿಗೆ ಒಂದು ಬೀಟೆ ಸಸಿ ನೆಡಿ ಅಂತ ಹೇಳಿ ನೋಡಿ, ನೆರಳಿಗೆ ಸಿಲ್ವರ್ ಓಕೇ ಸಾಕು ಬಿಡಿ ಅಂತಾರೆ.

ಅವರದ್ದೂ ತಪ್ಪಲ್ಲ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆಟ್ಟಗೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಕಡಿಯಬಹುದು. ಬೀಟೆ ಹಾಗಲ್ಲ. ಬೆಲೆ ಇರುವುದು ಒಳಗಿನ ನೇರಳೆ ಮಿಶ್ರಿತ ಕಂದು ಚೇಗಿಗೆ (ಗಟ್ಟಿ ತಿರುಳಿಗೆ), ಅದು ದಪ್ಪಗಾಗುವಷ್ಟರಲ್ಲಿ ನೆಟ್ಟವನ ಮೊಮ್ಮಕ್ಕಳ ಕಾಲ ಬಂದಿರುತ್ತದೆ. ಅಷ್ಟಾದ ಮೇಲೂ ಮರ ಯಾರದ್ದು ಅನ್ನೋ ಪ್ರಶ್ನೆ! ಕೊಡಗಿನ ಅನ್‌ರಿಡೀಮ್ಡ್ ಬಾಣೆ ಜಮೀನಿನಲ್ಲಿ (ಗದ್ದೆಗೆ ಸೇರಿದ ಗುಡ್ಡದ ಜಮೀನು, ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದೇ ಇರೋದು) ಮರದ ಮೇಲೆ ಸರ್ಕಾರದ ಹಕ್ಕಿದೆ. ನೋಡಿಕೊಳ್ಳೋದು ಬೆಳೆಗಾರ, ಕಡಿಯೋಕೆ ಅನುಮತಿ, ಸಾಗಿಸೋಕೆ ಪಾಸು. ಇಷ್ಟೆಲ್ಲ ತಲೆನೋವು ಯಾರಿಗೆ ಬೇಕು?

ಬೇಜಾರಿನ ವಿಷಯ ಅಂದರೆ, ಇದು ತೋಟಕ್ಕೆ ಒಳ್ಳೆಯ ಮರ. ಹುರುಳಿ, ಅವರೆಯ ಕುಟುಂಬದ್ದು, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ. ನೆಡಲೇಬೇಕು ಅಂತಲೂ ಇಲ್ಲ, ಹಳೇ ಮರದ ಬೇರಿನಿಂದಲೇ ಚಿಗುರು ಏಳುತ್ತದೆ, ಕಳೆ ಹೊಡೆಯುವಾಗ ಅದರ ಮೇಲೆ ಕತ್ತಿ ಬೀಸದಿದ್ದರೆ ಸಾಕು.

ಹೊರಗಿನವರಿಗೆ ಇದರ ಮೇಲೆ ಎಷ್ಟು ಆಸೆ ಗೊತ್ತಾ? ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿಗೆ ಬ್ರೆಜಿಲ್‌ನ ರೋಸ್‌ವುಡ್ ಸಿಗೋದು ಕಷ್ಟವಾದಾಗ, 1969ರಲ್ಲಿ ನಮ್ಮ ಬೀಟೆಗೆ ಬದಲಾಯಿಸಿಕೊಂಡಿತು. ಈಗಲೂ ಒಳ್ಳೆಯ ಗಿಟಾರ್‌ಗಳ ಬೆನ್ನು, ಪಕ್ಕಕ್ಕೆ ಇದೇ ಮರ. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಪಟ್ಟಿಗೆ ಸೇರಿ, ಗಿಟಾರ್ ಗಡಿ ದಾಟಿಸೋಕೂ ಕಾಗದಪತ್ರ ಬೇಕಾಯಿತು, ಸಂಗೀತಗಾರರು ಗಲಾಟೆ ಮಾಡಿದರು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಮೈಸೂರಿನ ಕುಸುರಿ ಕೆಲಸದವರಿಗೂ ಬೀಟೆಯ ಕಪ್ಪು ಹಿನ್ನೆಲೆಯೇ ಬೇಕು, ಬಣ್ಣದ ಮರದ ಚೂರುಗಳು ಅದರ ಮೇಲೆಯೇ ಎದ್ದು ಕಾಣೋದು.

 

ನನ್ನ ಪ್ರಕಾರ ಕಾವಲು, ದಂಡ ಜಾಸ್ತಿ ಮಾಡಿದರೆ ಹಳೇ ಮರ ಉಳಿಯಬಹುದು, ಹೊಸದು ಏಳಲ್ಲ. ಇವತ್ತಿನಿಂದ ತೋಟದಲ್ಲಿ ಎದ್ದ ಬೀಟೆ, ಜಮೀನು ಯಾವ ಬಗೆಯದ್ದೇ ಇರಲಿ, ಪೂರ್ತಿ ಬೆಳೆಗಾರನದ್ದೇ ಅಂತ ಸರ್ಕಾರ ಬರೆದುಕೊಡಲಿ. ಆಗ ಕಳೆ ಹೊಡೆಯುವವರಿಗೆ ತೋಟದ ಸಾಹುಕಾರರೇ ನಿಂತು ಹೇಳ್ತಾರೆ, ಆ ಚಿಗುರು ಮುಟ್ಟಬೇಡಿ ಅಂತ.